ಮೃತ್ಯುಂಜಯನ ಮೂಗೂ ಹಳೆಯ ಧಕ್ಕೆಯೂ

ಮೃತ್ಯುಂಜಯನಿಗೆ ಸಮುದ್ರವೆಂದರೆ ಹೇಸಿಗೆ. ಹುಬ್ಬಳ್ಳಿಯ ಲಿಂಗಾಯತರ ಮನೆಯ ಮಗ, ಮೊಟ್ಟೆಯ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದವನು, ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿಗೆ ಬಂದು ಸಮುದ್ರದ ನೀರಿನ ಬಿಸಿ ಅಳೆಯುವ ಕೆಲಸಕ್ಕೆ ಸೇರಿದ್ದ. ಹಣೆಬರಹಕ್ಕೆ ಹೊಣೆ ಯಾರು?

ದೋಣಿಗಳು ತಂಗುವ ಹಳೆಯ ಧಕ್ಕೆಯ ಕಂಬವೊಂದಕ್ಕೆ, ನೀರಿನೊಳಗೆ, ತಾಪಮಾನ ದಾಖಲಿಸುವ ಕೊಳವೆ ಕಟ್ಟಿದ್ದರು. ಮೂವತ್ತು ವರ್ಷಗಳಿಂದ ಅದೇ ಕಂಬದಲ್ಲಿ, ಅದೇ ಆಳದಲ್ಲಿ ಅಳತೆ ನಡೆದಿತ್ತು. ತಿಂಗಳಿಗೊಮ್ಮೆ ಅದನ್ನು ಮೇಲೆತ್ತಿ ಉಜ್ಜುವುದು ಇವನ ಪಾಲಿಗೆ ಬಂದಿತ್ತು. ಮೈತುಂಬ ಲೋಳೆ, ಚಿಪ್ಪು, ಒತ್ತಿದರೆ ಮುಖಕ್ಕೇ ನೀರುಗುಳುವ ಎಂಥದೋ ಹುಳ. ಪಕ್ಕದಲ್ಲೇ ದೋಣಿಯವರು ಮೀನು ಸೀಳಿ ಕರುಳು ಎಸೆಯುತ್ತಿದ್ದರು. ಅದಕ್ಕೆ ಮುಗಿಬಿದ್ದ ಹಕ್ಕಿಗಳು ಇವನ ತಲೆಯ ಮೇಲೇ ಹಿಕ್ಕೆ ಹಾಕುತ್ತಿದ್ದವು. ಥೂ, ಅದೂ ಒಂದು ಜಾಗವೇ? ಸಂಜೆ ಮನೆಗೆ ಮರಳುವ ಜಾನ್ಸನ್‌ವಿಲ್ ರೈಲಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟು ಹುಡುಕುತ್ತಿದ್ದರು. ಹೆಂಡತಿ ಅನುರಾಧಾ ಬಟ್ಟೆಯನ್ನು ಗ್ಯಾರೇಜಿನಲ್ಲೇ ಬಿಚ್ಚಿಸುತ್ತಿದ್ದಳು.

ಇವನ ಗೊಣಗಾಟ ಕೇಳಿ ಕೇಳಿ, 2006ರಲ್ಲಿ ಮೇಲಧಿಕಾರಿ ಮಾರ್ಗರೆಟ್‌ಗೆ ಕನಿಕರ ಬಂತು. ಕೊಳವೆಯನ್ನು ಆಚೆ ದಂಡೆಯ ಕೊಲ್ಲಿಗೆ ಸಾಗಿಸೋಣ, ಅಲ್ಲಿ ಚೊಕ್ಕ ಮರಳಿದೆ, ಕಾಫಿ ಅಂಗಡಿಯೂ ಇದೆ ಎಂದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆ ಸಂಜೆ ಅನುರಾಧಾ ಹೋಳಿಗೆ ಮಾಡಿದಳು.

ಎರಡನೆಯ ಹೋಳಿಗೆಗೆ ತುಪ್ಪ ಹಾಕಿಕೊಳ್ಳುವಾಗ ಅವನ ಕೈ ನಿಂತಿತು. ಆ ಕೊಲ್ಲಿಯಲ್ಲಿ ಆಳವಿಲ್ಲ, ನೀರು ಬೇಗ ಕಾಯುತ್ತದೆ. ನಾಳೆ ಅಂಕಿ ಏರಿದರೆ ಸಮುದ್ರ ಬಿಸಿಯಾಯಿತೋ, ಕೊಳವೆಯ ಜಾಗ ಬದಲಾಯಿತೋ, ಹೇಳುವವರು ಯಾರು? ತನ್ನೊಂದು ಮೂಗಿನ ಸುಖಕ್ಕೆ ಮೂವತ್ತು ವರ್ಷದ ದುಡಿಮೆ ನೀರುಪಾಲು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೋಲಿಕೆಗೆಂದು ಎರಡೂ ಕಡೆ ಕೆಲವು ವರ್ಷ ಅಳೆಯಬಹುದೇ ಎಂದು ಮರುದಿನ ಮಾರ್ಗರೆಟ್‌ಳನ್ನು ಕೇಳಿದ. ಒಂದಕ್ಕೇ ಜನರಿಲ್ಲ ಎಂದಳು. ಹಾಗಾದರೆ ಧಕ್ಕೆಯಲ್ಲೇ ಇರಲಿ ಎಂದುಬಿಟ್ಟ. ಅವಳು ಇವನನ್ನು ಅನುಮಾನದಿಂದ ನೋಡಿದಳು.

"ಆ ಹೊಲಸಿನ್ಯಾಗ ಏನ್ ಸುಖ ಅದರೀ ನಿಮಗ?" ಎಂದು ರಾತ್ರಿ ಅನುರಾಧಾ ಕೇಳಿದಳು.

"ಸುಖ ಏನಿಲ್ಲ. ಆದ್ರ ಅದನ್ನ ಅಲ್ಲಿಂದ ಎತ್ತಿದ್ರ, ಹಿಂದಿನವ್ರು ಅಳದದ್ದೆಲ್ಲಾ ದಂಡ ಆಗ್ತದ."

ಮುಂದಿನ ತಿಂಗಳು ಏಣಿ ಇಳಿದು ಕೊಳವೆ ಎತ್ತಿದ. ಲೋಳೆ ಅಂಗಿಯ ತೋಳಿನೊಳಗೆ ಇಳಿಯಿತು, ಹುಳ ನೇರ ತುಟಿಗೇ ಉಗುಳಿತು. ಏಣಿ ಹಿಡಿದುಕೊಂಡೇ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು, ರೂಢಿಯಂತೆ ಆಫೀಸಿನವರಿಗೆ ಶಾಪ ಹಾಕಲು ಹೊರಟ. ಆದರೆ ಬೈಸಿಕೊಳ್ಳುವುದಕ್ಕೆ ಈಗ ತಾನೊಬ್ಬನೇ ಉಳಿದಿದ್ದ.