ಕೆಂಚಮ್ಮ ಸಾರಿದ ಉಪವಾಸ

ಅಜ್ಜಂಪುರದ ಕೆಂಚಮ್ಮ ಸಂತೆಮಾಳದ ಈ ತುದಿಯಲ್ಲಿ ನಿಂತು ಗಂಟಲು ತೆರೆದರೆ ಆ ತುದಿಯಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡು ಓಡುತ್ತಿತ್ತು. ಇದು ಹೊಗಳಿಕೆಯೋ ದೂರೋ ಎಂಬುದು ಹೇಳುವವರ ಮೇಲೆ. ಎಮ್ಮೆಯ ಯಜಮಾನರು ದೂರೆನ್ನುತ್ತಿದ್ದರು. ಅವಳ ಗಂಡ ಹನುಮಂತಪ್ಪ ಮಾತ್ರ, "ನನ್ ತಮಟೆ ಹರಿದ್ರೂ ಚಿಂತಿಲ್ಲ ಕಣೇ, ಮನೇಲಿ ನೀನಿದೀಯಲ್ಲ" ಎಂದು ನಗುತ್ತಿದ್ದ.

ಹನುಮಂತಪ್ಪನದು ಊರಿಗೆ ಸಾರುವ ಮನೆತನ. ಕಂದಾಯದ ಗಡುವು, ಕೆರೆಯ ತೂಬು ಎತ್ತುವ ದಿನ, ಕಳೆದುಹೋದ ಕರು, ಅಮಲ್ದಾರರ ಸವಾರಿ, ಎಲ್ಲವೂ ಅವನ ತಮಟೆಯಿಂದಲೇ ಊರಿಗೆ ತಿಳಿಯಬೇಕು. ಈ ಕೆಲಸಕ್ಕೆಂದು ಬುಕ್ಕಾಂಬುಧಿ ದಾರಿಯಲ್ಲಿ ಒಂದು ತುಂಡು ಇನಾಮು ಹೊಲವಿತ್ತು. ತಮಟೆ ಯಾರ ಹೆಗಲಿಗೋ ಹೊಲ ಅವರಿಗೆ. ಇನ್‌ಫ್ಲುಯೆಂಜಾ ಜ್ವರ ಬಂದ ವರ್ಷ "ಗುಂಪು ಸೇರಬೇಡಿ, ನೀರು ಕಾಯಿಸಿ ಕುಡೀರಿ" ಎಂದು ಮೂರು ಹೊತ್ತೂ ಸಾರಿದ ಹನುಮಂತಪ್ಪ, ಕೊನೆಗೆ ತಾನೇ ಜ್ವರ ಹತ್ತಿಸಿಕೊಂಡು ಮಲಗಿದ. ಏಳಲಿಲ್ಲ. ಮಕ್ಕಳಿರಲಿಲ್ಲ. ತಿಥಿ ಮುಗಿಯುವವರೆಗೆ ತಮಟೆ ಗೂಟದಲ್ಲೇ ನೇತಾಡಿತು. ಆಮೇಲೊಂದು ಬೆಳಿಗ್ಗೆ ಶೇಕ್ದಾರರ ಜವಾನ ಬಂದು "ಇನ್ ಸಾರೋರ್ಯಾರು?" ಎಂದಾಗ ಕೆಂಚಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೂಟದಿಂದ ತಮಟೆ ತೆಗೆದು ಹೆಗಲಿಗೆ ಹಾಕಿಕೊಂಡಳು.

ಹೆಂಗಸು ತಮಟೆ ಹಿಡಿದದ್ದು ಊರಿಗೆ ನಾಲ್ಕು ದಿನದ ತಮಾಷೆಯಾಯಿತು. ಮೈದುನ ತಿಮ್ಮರಾಯಪ್ಪನಿಗೆ ಮಾತ್ರ ಅದು ತಮಾಷೆಯಾಗಲಿಲ್ಲ. ಅವನ ಮಗ ಈರಪ್ಪ ಚಿಕ್ಕಮಗಳೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿ ಬಂದು, ಮುಂದೆ ದಾರಿ ಕಾಣದೆ, ಸಾಮಾನು ಕಟ್ಟಿದ ಪೇಪರಿನ ಚೂರನ್ನೂ ಬಿಡದೆ ಓದುತ್ತ ಕೂತಿದ್ದ. ತಿಮ್ಮರಾಯಪ್ಪ ಪಟೇಲರ ಜಗಲಿ ಹತ್ತಿ, "ಗಂಡು ದಿಕ್ಕಿರೋ ಮನೇಲಿ ಹೆಂಗಸು ಬೀದೀಲಿ ನಿಂತು ಕಿರುಚೋದು ಚೆಂದವಾ ಬುದ್ಧಿ? ತಮಟೆ ನಮ್ ಈರನ್ಗೆ ಬರ್ಬೇಕು" ಎಂದ. ಪಟೇಲರು ಎರಡು ಕಡೆಗೂ ತಲೆಯಾಡಿಸುವ ಪೈಕಿ. "ಸದ್ಯಕ್ಕೆ ಅವಳೇ ಸಾರ್ಲಿ. ಒಂದ್ ತಪ್ಪು ಸಾರಿದ್ಲೋ, ತಮಟೆ ಈರಪ್ಪನ್ದು" ಎಂದು ತೀರ್ಪು ಕೊಟ್ಟು ಎಲೆಯಡಿಕೆಗೆ ಕೈಹಾಕಿದರು. ನಿನಗೆ ತಮಟೆ ಬೇಕೇನಪ್ಪ ಎಂದು ಈರಪ್ಪನನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಕೆಂಚಮ್ಮ ಸಾರಬೇಕಾದ ಮಾತನ್ನು ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದಳು. ಕರುವಿನ ಬಣ್ಣ ಕಂದೋ ಕೆಂಪೋ ಎಂದು ಕೇಳಿ ಕೇಳಿ ಕರುವಿನವರಿಗೇ ಅನುಮಾನ ಹುಟ್ಟಿಸುತ್ತಿದ್ದಳು. ಹೀಗೆ ಒಂದು ವರ್ಷ ತಪ್ಪಿಲ್ಲದೆ ನಡೆಯಿತು.

ಆಗ ಬಂದವನು ಷಡಕ್ಷರಿ. ದಿನಸಿ ಅಂಗಡಿಯವರ ಮಗ, ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದವನು. ವಿಶ್ವವಿದ್ಯಾನಿಲಯ ಹೊಸತು, ಹುಡುಗರ ಉತ್ಸಾಹವೂ ಹೊಸತು. ಕಾಲೇಜಿನ ಮೇಷ್ಟರು ಊರೂರಿಗೆ ಬಂದು ಕನ್ನಡದಲ್ಲೇ ಉಪನ್ಯಾಸ ಕೊಡುವುದು, ಆಯಾ ಊರಿನ ವಿದ್ಯಾರ್ಥಿಗಳು ಅದಕ್ಕೆ ಓಡಾಡುವುದು ಎಂದು ಏರ್ಪಾಟಾಗಿತ್ತು. ಅವನು ರೈಲು ಹಿಡಿಯುವ ಅವಸರದಲ್ಲಿ ಕೆಂಚಮ್ಮನ ಬಾಗಿಲಲ್ಲಿ ನಿಂತು, "ಶನಿವಾರ ಸಾಯಂಕಾಲ ಇಸ್ಕೂಲ್ ಅಂಗಳದಲ್ಲಿ ವಿಶ್ವವಿದ್ಯಾನಿಲಯದೋರ ಉಪನ್ಯಾಸ. ಎಲ್ರೂ ಬರ್ಬೇಕು ಅಂತ ಸಾರ್ಬಿಡು ಕೆಂಚಮ್ಮ. ನಾನೂ ಹೆಡ್‌ಮಾಸ್ತರೂ ಕಡೂರಿಂದ ಮೇಷ್ಟ್ರನ್ನ ಕರ್ಕೊಂಡ್ ಬತ್ತೀವಿ" ಎಂದ. "ಇನ್ನೊಂದ್ ಸಲ ಹೇಳು" ಎನ್ನುವಷ್ಟರಲ್ಲಿ ಅವನು ಸ್ಟೇಷನ್ನಿನ ದಾರಿಯಲ್ಲಿದ್ದ.

ಕೆಂಚಮ್ಮ ಮಾತನ್ನು ಬಾಯಲ್ಲಿ ಉರುಳಿಸುತ್ತ ಹೊರಟಳು. ಹರಿಕಥೆ ಅವಳಿಗೆ ಗೊತ್ತು, ಪುರಾಣ ಗೊತ್ತು. ಉಪನ್ಯಾಸವೆಂಬುದು ಹುಟ್ಟಿದಾಗಿನಿಂದ ಕಿವಿಗೆ ಬಿದ್ದಿರಲಿಲ್ಲ. ಬಾವಿಕಟ್ಟೆ ದಾಟುವ ಹೊತ್ತಿಗೆ 'ಉಪ' ಉಳಿದಿತ್ತು, ಮಿಕ್ಕದ್ದು ಜಾರಿತ್ತು. ಜ್ವರ ಮತ್ತೆ ಬಂದೀತೆಂದು ಊರೆಲ್ಲ ಹೆದರಿದ್ದ ಕಾಲ ಅದು. ಸರ್ಕಾರದವರೇ ದೇವರಿಗೊಂದು ಉಪವಾಸ ಮಾಡಿಸುತ್ತಿದ್ದಾರೆ, ಮತ್ತೇನಿದ್ದೀತು? ತಾನು ಪಟ್ಟ ಪಾಡು ಇನ್ನೊಬ್ಬ ಹೆಂಗಸಿಗೆ ಬೇಡವೆಂದು ಅವಳು ಅಂದು ಎಂದಿಗಿಂತ ಗಟ್ಟಿಯಾಗಿ ಸಾರಿದಳು.

"ಕೇಳ್ರಪ್ಪೋ ಕೇಳಿ! ಶನಿವಾರ ಮೈಸೂರಿನ ವಿಶ್ವವಿದ್ಯಾನಿಲಯದೋರ ಉಪವಾಸ! ಹೊತ್ತು ಮುಳುಗೋ ಹೊತ್ಗೆ ಎಲ್ರೂ ಇಸ್ಕೂಲ್ ಅಂಗಳಕ್ಕೆ ಬರ್ಬೇಕ್ರಪ್ಪೋ!"

ಬುಕ್ಕಾಂಬುಧಿಗೂ ನಡೆದುಹೋಗಿ ಕೆರೆ ಏರಿಯ ಮೇಲೆ ನಿಂತು ಸಾರಿ ಬಂದಳು. ಪಟೇಲರಿಗೂ ವಿಶ್ವವಿದ್ಯಾನಿಲಯದವರ ಉಪವಾಸವೆಂದರೇನೆಂದು ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸವಂತೂ ಅವರ ವಂಶದಲ್ಲೇ ಇರಲಿಲ್ಲ. ಶನಿವಾರ ಅಜ್ಜಂಪುರದಲ್ಲಿ ಒಲೆ ಹೊತ್ತಲಿಲ್ಲ.

ಮೈಸೂರಿನಿಂದ ಬಂದ ಮೇಷ್ಟರು ವೆಂಕಟಸುಬ್ಬಯ್ಯ, ಇತಿಹಾಸ ಹೇಳುವವರು, ಬಡಕಲು ಮೈ, ದಪ್ಪ ಕನ್ನಡಕ. ಹಿಂದಿನ ದಿನ ಕಡೂರಿನಲ್ಲಿ ಅವರ ಉಪನ್ಯಾಸಕ್ಕೆ ಬಂದಿದ್ದವರು ಕೆಲವು ವಕೀಲರು, ಕೆಲವು ಗುಮಾಸ್ತರು. ಅವರೂ ಆಕಳಿಸಿದ್ದರು. ಮನಸ್ಸು ಮುದುಡಿಕೊಂಡು ಅಜ್ಜಂಪುರದಲ್ಲಿ ರೈಲಿಳಿದು ಶಾಲೆಗೆ ಬಂದರೆ, ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ! ಮಿಂದು ಮಡಿಯುಟ್ಟ ಗಂಡಸರು, ಮಕ್ಕಳನ್ನು ಕಂಕುಳಲ್ಲಿಟ್ಟ ಹೆಂಗಸರು, ಬುಕ್ಕಾಂಬುಧಿಯಿಂದ ಗಾಡಿ ಕಟ್ಟಿಕೊಂಡು ಬಂದವರು, ಎಲ್ಲರೂ ಕೈಮುಗಿದು ಕೂತಿದ್ದರು. ವೆಂಕಟಸುಬ್ಬಯ್ಯನವರ ಕಣ್ಣು ತೇವವಾಯಿತು. "ಇದಪ್ಪಾ ವಿದ್ಯೆಯ ಹಸಿವು!" ಎಂದು ಷಡಕ್ಷರಿಯ ಬೆನ್ನು ತಟ್ಟಿದರು. ಅರ್ಧ ಮಾತು ನಿಜವಾಗಿತ್ತು.

ಕತ್ತಲಾಗುತ್ತಲೇ ಷಡಕ್ಷರಿ ಮ್ಯಾಜಿಕ್ ಲ್ಯಾಂಟರ್ನ್ ಹೊತ್ತಿಸಿದ. ಗೋಡೆಗೆ ಕಟ್ಟಿದ ಪಂಚೆಯ ಮೇಲೆ ಚಿತ್ರಗಳು ಮೂಡಿದವು. ಕಾಲೇಜಿನ ಕಂಬಗಳು, ಪುಸ್ತಕ ಭಂಡಾರ, ಚೆಂಡಾಟದ ಬಯಲು, ಹುಡುಗರು ಎದ್ದು ನಿಂತು ವಾದ ಮಾಡುವ ಚರ್ಚಾಕೂಟ. ಜನ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ಬಂತು ವಿದ್ಯಾರ್ಥಿನಿಲಯದ ಊಟದ ಮನೆ. ಉದ್ದಕ್ಕೆ ಕೂತ ಹುಡುಗರು, ಮುಂದೆ ಬಾಳೆಯೆಲೆ, ಎಲೆಯಲ್ಲಿ ಅನ್ನ, ಸಾರಿನ ಬಕೆಟ್ಟು ಹಿಡಿದು ಬಗ್ಗಿದ ಅಡಿಗೆಯವನು. ಅಂಗಳದ ತುಂಬ "ಅಯ್ಯೋ" ಎಂದೊಂದು ನಿಟ್ಟುಸಿರು ಎದ್ದಿತು. ಇಷ್ಟು ಆಸಕ್ತಿಯನ್ನು ವೆಂಕಟಸುಬ್ಬಯ್ಯನವರು ಎಲ್ಲೂ ಕಂಡಿರಲಿಲ್ಲ. ಆ ಚಿತ್ರವನ್ನು ತೆಗೆಯಬೇಡವೆಂದು ಹೇಳಿ, ಸೋಮವಾರ ಹುಳಿ, ಹಬ್ಬಕ್ಕೆ ಹೋಳಿಗೆ ತುಪ್ಪ ಎಂದು ಬಣ್ಣಿಸತೊಡಗಿದರು.

ಮೊದಲು ಒಂದು ಮಗು ಅತ್ತಿತು. ಆಮೇಲೆ ಹತ್ತು ಅತ್ತವು. ಒಬ್ಬ ಮುದುಕ ಕೋಲೂರಿ ಎದ್ದ.

"ಬುದ್ಧಿ, ತಪ್ಪು ತಿಳ್ಕೋಬ್ಯಾಡಿ. ಪಾರಣೆ ಯಾವಾಗ?"

"ಯಾವ ಪಾರಣೆ?"

"ಬೆಳಗ್ಗಿಂದ ನೀರು ಮುಟ್ಟಿಲ್ಲ ಸ್ವಾಮಿ. ನಿಮ್ ಉಪವಾಸ ಮುಗಿಯೋದ್ ಯಾವಾಗ ಅಂತ."

ವಿಷಯ ಬಿಚ್ಚಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಷಡಕ್ಷರಿ ತಲೆ ಮೇಲೆ ಕೈಹೊತ್ತ. ಹಸಿದ ಜನ ಗೊಣಗಿದರು, ಕೆಲವರು ಬೈದೇಬಿಟ್ಟರು. ತಿಮ್ಮರಾಯಪ್ಪ ಇದಕ್ಕೇ ಕಾದಿದ್ದವನಂತೆ ಚಂಗನೆ ಎದ್ದ.

"ನೋಡಿದ್ರಾ ಪಟೇಲ್ರೇ? ಊರಿಗೂರನ್ನೇ ಉಪವಾಸ ಕೆಡವಿದ್ಲು! ಕೊಡು ಅತ್ತಿಗೆ ತಮಟೆ!"

ಕೆಂಚಮ್ಮ ತಮಟೆಯ ಪಟ್ಟಿಗೆ ಕೈಹಾಕಿದಳು. ಹೊಲ ಹೋಯಿತು. ಹೊಲ ಹೋದರೆ ಹೋಗಲಿ, ಕೂಲಿ ಮಾಡಿಯಾದರೂ ತಿಂದಾಳು. ಆದರೆ ನಾಳೆ ಬೆಳಗಾದರೆ ಗೂಟ ಖಾಲಿ, ಗಂಡನದೆಂದು ಮನೆಯಲ್ಲಿ ಉಳಿದಿದ್ದ ದನಿಯೂ ಇಲ್ಲ. ಅವಳಿಗೆ ಅಳು ಉಕ್ಕಿ ಬಂತು. ತಮಟೆಯನ್ನು ಹೆಗಲಿನಿಂದ ಅರ್ಧ ಇಳಿಸಿಯೂ ಬಿಟ್ಟಳು. ಅಷ್ಟರಲ್ಲಿ ಆ ಮೊದಲನೆಯ ಮಗು ಮತ್ತೆ ಕಿರುಚಿತು.

"ತಪ್ಪು ನಂದೇ ಕಣಪ್ಪಾ" ಎಂದಳು ಕೆಂಚಮ್ಮ. "ತಮಟೆ ಆಮ್ಯಾಲೆ ತಗೊಳ್ಳೀವಂತೆ. ಇನ್ನೊಂದ್ ಸಾರೋದೈತೆ."

ತಮಟೆ ಮತ್ತೆ ಹೆಗಲೇರಿತು.

"ಕೇಳ್ರಪ್ಪೋ ಕೇಳಿ! ಉಪವಾಸ ಮುಗೀತು! ಮನೇಲಿರೋ ಮಂಡಕ್ಕಿ, ಹುರಿಗಡಲೆ, ಬೆಲ್ಲ, ಕಾಯಿ, ಏನಿದ್ರೂ ತಗೊಂಡ್ ಓಡ್ಬನ್ನಿ! ಮೊದ್ಲು ಮಕ್ಕಳ ಬಾಯ್ಗೆ ಹಾಕಿ! ತಿಂದ್ಮ್ಯಾಲೆ ಯಾರೂ ಎದ್ದೋಗ್ಬ್ಯಾಡಿ, ಮೇಷ್ಟ್ರ ಮಾತು ಬಾಕಿ ಐತೆ! ಅಷ್ಟ್ ದೂರದಿಂದ ಬಂದವ್ರೆ ಪಾಪ!"

ಬೈಯುತ್ತಿದ್ದವರೇ ಎದ್ದು ಮನೆಗಳಿಗೆ ಓಡಿದರು. ಷಡಕ್ಷರಿಯ ಅಪ್ಪ ಅಂಗಡಿಯ ಮಂಡಕ್ಕಿ ಮೂಟೆಯನ್ನೇ ಹೊರಿಸಿ ತಂದ. ಮೊರಗಳಲ್ಲಿ ಬೆಲ್ಲ ಬಂತು, ಕಲ್ಲಿಗೆ ಕುಕ್ಕಿದ ತೆಂಗಿನಕಾಯಿಗಳ ಸದ್ದು ಅಂಗಳ ತುಂಬಿತು. ವೆಂಕಟಸುಬ್ಬಯ್ಯನವರೂ ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಮಂಡಕ್ಕಿ ತಿಂದರು. ತಿನ್ನುತ್ತ ತಿನ್ನುತ್ತ ಅವರಿಗೆ ನಗು ಬಂತು, ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಗು.

ಎದ್ದು ನಿಂತಾಗ ಅವರು ಬರೆದು ತಂದಿದ್ದ ಉಪನ್ಯಾಸವನ್ನು ಜೇಬಿನಲ್ಲೇ ಬಿಟ್ಟರು. "ಈ ತಾಯಿ ದೊಡ್ಡ ತಪ್ಪೇನೂ ಮಾಡಿಲ್ಲ. 'ಉಪ' ಎಂದರೆ ಹತ್ತಿರ. ದೇವರ ಹತ್ತಿರ ಇರುವುದು ಉಪವಾಸ, ತಿಳಿದದ್ದನ್ನು ತಂದು ಜನರ ಹತ್ತಿರ ಇಡುವುದು ಉಪನ್ಯಾಸ. ಕಡೂರಿನಲ್ಲಿ ನನ್ನ ಹತ್ತಿರ ಯಾರೂ ಬರಲಿಲ್ಲ. ಇಲ್ಲಿ ಊರನ್ನೇ ತಂದು ಕೂರಿಸಿದ್ದಾಳೆ" ಎಂದರು. ಆಮೇಲೆ ಮನೆಯವರ ಜೊತೆ ಆಡುವಂತೆ ಹೇಳಿದರು. ಓದುವ ಬಡ ಹುಡುಗರಿಗೆ ಸ್ಕಾಲರ್‌ಷಿಪ್ಪು ಉಂಟು, ಹಿಂದುಳಿದ ಮನೆತನದವರಿಗೆಂದೇ ಕೆಲವು ಉಂಟು, ಇರಲು ಕೋಣೆ, ಓದಲು ಪುಸ್ತಕ. "ನಿಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಿ. ಅಲ್ಲಿ ಯಾವ ಮಗುವೂ ಉಪವಾಸ ಇರುವುದಿಲ್ಲ. ಆ ಊಟದ ಮನೆ ನೀವೇ ನೋಡಿದಿರಲ್ಲ!"

ಹಿಂದಿನಿಂದ ಈರಪ್ಪ ಎದ್ದ. "ಸಾರ್, ಸಾರೋರ್ ಮನೆಯೋರ್ನೂ ಸೇರಿಸ್ಕೊಳ್ತಾರಾ?"

"ಹೈಸ್ಕೂಲು ಪಾಸಾಗಿದೆಯೇನಪ್ಪಾ?"

"ಆಗೈತೆ ಸಾರ್."

"ಹಾಗಾದರೆ ಪೆಟ್ಟಿಗೆ ಕಟ್ಟು."

ತಿಮ್ಮರಾಯಪ್ಪ ಮಗನ ತೋಳು ಹಿಡಿದೆಳೆದ. "ಲೇ, ತಮಟೆ ಕಣೋ! ಹೊಲ ಕಣೋ!"

"ನಂಗೆ ತಮಟೆ ಬ್ಯಾಡ ಅಪ್ಪಯ್ಯ" ಎಂದ ಈರಪ್ಪ. ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು. "ಆ ಊಟದ ಮನೇಲಿ ನಂಗೊಂದ್ ಎಲೆ ಬೇಕು."

ಎಲ್ಲರೂ ಪಟೇಲರ ಕಡೆ ನೋಡಿದರು. ಪಟೇಲರು ಬಾಯಲ್ಲಿದ್ದ ಮಂಡಕ್ಕಿ ನುಂಗಿ, "ತಪ್ಪು ಸಾರಿದ್ದು ನಿಜ. ಆದ್ರೆ ತಮಟೆ ತಗೊಳ್ಳೋರೇ ಇಲ್ವಲ್ಲ!" ಎಂದು ಮೊದಲ ಬಾರಿಗೆ ಒಂದೇ ಕಡೆಗೆ ತಲೆಯಾಡಿಸಿದರು. ನಾಳೆ ತರೀಕೆರೆಯಲ್ಲೂ ಈಕೆಯೇ ಸಾರಬೇಕೆಂದು ವೆಂಕಟಸುಬ್ಬಯ್ಯನವರು ಹಟ ಹಿಡಿದರು. ಕೆಂಚಮ್ಮ ಅಂದು ಮನೆಗೆ ಹೋಗಿ ತಮಟೆಯನ್ನು ಗೂಟಕ್ಕೆ ಹಾಕಿ, ಅದರ ಕೆಳಗೇ ಕೂತು ಮನದಣಿಯೆ ಅತ್ತಳು. ಹನುಮಂತಪ್ಪ ಹೋದಾಗಲೂ ಅವಳಿಗೆ ಹಾಗೆ ಅಳಲು ಪುರಸತ್ತು ಸಿಕ್ಕಿರಲಿಲ್ಲ.

ಮುಂದೆ ಪ್ರತಿ ವರ್ಷವೂ ಮೇಷ್ಟರುಗಳು ಬಂದರು. ತರೀಕೆರೆಯಲ್ಲಿ, ಅಮೃತಾಪುರದಲ್ಲಿ, ಕಡೂರಿನ ಸ್ಟೇಷನ್ ರಸ್ತೆಯಲ್ಲೂ ಕೆಂಚಮ್ಮನ ದನಿ ಕೇಳಿತು. "ಉಪನ್ಯಾಸ ಕಣ್ರಪ್ಪೋ! ಉಪವಾಸ ಅಲ್ಲ! ಉಂಡು ಬನ್ನಿ!" ಜನ ನಗುತ್ತ ಬಂದರು, ಬಂದವರು ಕೂತರು. ಷಡಕ್ಷರಿಯ ಹಿಂದೆ ಈರಪ್ಪ, ಈರಪ್ಪನ ಹಿಂದೆ ಇನ್ನೂ ಕೆಲವರು ಪೆಟ್ಟಿಗೆ ಹೊತ್ತು ಮೈಸೂರಿನ ರೈಲು ಹತ್ತಿದರು.

ಹಲವು ವರ್ಷಗಳ ಮೇಲೆ ಒಂದು ಸಂಜೆ ಅದೇ ಶಾಲೆಯ ಅಂಗಳದಲ್ಲಿ, ಕೋಟು ಪೇಟ ತೊಟ್ಟು ಉಪನ್ಯಾಸಕ್ಕೆ ನಿಂತವನು ಈರಪ್ಪನೇ. ತಿಮ್ಮರಾಯಪ್ಪ ಮುಂದಿನ ಸಾಲಿನಲ್ಲಿ ಮೀಸೆ ತಿರುವುತ್ತಿದ್ದ. ತಲೆ ನರೆತ ಕೆಂಚಮ್ಮ ಮೂಲೆಯ ಕಂಬಕ್ಕೆ ಒರಗಿದ್ದಳು.

"ಮೊದಲು ಒಂದು ತಪ್ಪೊಪ್ಪಿಗೆ" ಎಂದ ಈರಪ್ಪ. "ಅವತ್ತು ದೊಡ್ಡವ್ವ ಉಪವಾಸ ಅಂತ ಸಾರಿದಾಗ, ಅದು ತಪ್ಪು ಅಂತ ನಂಗೊಬ್ಬನಿಗೆ ಗೊತ್ತಿತ್ತು. ಷಡಕ್ಷರಿ ಮೊದ್ಲೇ ಹೇಳಿದ್ದ. ಬಾಯ್ಬಿಟ್ರೆ ತಮಟೆ ನನ್ ಕೊರಳಿಗೆ ಬೀಳ್ತಿತ್ತು. ಅದಕ್ಕೇ ಸುಮ್ನಿದ್ದೆ. ನೀವೆಲ್ಲ ಉಪವಾಸ ಇದ್ದಾಗ ನಾನು ಹಿತ್ತಲಲ್ಲಿ ಎರಡು ರೊಟ್ಟಿ ತಿಂದಿದ್ದೆ."

ಅಂಗಳ ಬಿದ್ದು ಬಿದ್ದು ನಕ್ಕಿತು. ಕೆಂಚಮ್ಮನೂ ಕಣ್ಣೊರೆಸಿಕೊಂಡು ನಕ್ಕಳು. ಈರಪ್ಪ ಅವಳ ಕಡೆ ತಿರುಗಿ, "ದೊಡ್ಡವ್ವ, ನೀನು ಉಂಡು ಬಂದ್ಯಾ?" ಎಂದು ಕೇಳಿದ.

ಅವಳು ಉಂಡಿರಲಿಲ್ಲ. ಉಂಡು ಬನ್ನಿ ಎಂದು ಊರಿಗೆಲ್ಲ ಸಾರಿದವಳು, ಉಪನ್ಯಾಸದ ದಿನ ತಾನು ಮಾತ್ರ ಅದು ಮುಗಿಯುವವರೆಗೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಊರನ್ನು ಉಪವಾಸ ಕೆಡವಿದ ಅಂದಿನಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪಿಸಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ.

"ನನ್ ಊಟ ಹಂಗಿರ್ಲಿ" ಎಂದಳು, ಎಮ್ಮೆ ಹಗ್ಗ ಕೀಳುವ ಅದೇ ದನಿಯಲ್ಲಿ. "ನೀನ್ ಸುರು ಮಾಡಪ್ಪಾ, ಕೇಳ್ತೀನಿ."