ಡೇನರು, ಅಮ್ಮ ಮತ್ತು ಪಕ್ಕದ ಮನೆ ಆಂಟಿ

ಬಿ.ಎ. ಕೊನೆಯ ವರ್ಷದಲ್ಲಿ, ಇಂಗ್ಲಿಷ್ ಭಾಷೆ ಬೆಳೆದು ಬಂದ ಬಗೆಯ ಮೇಲೆ ಸೆಮಿನಾರ್ ಕೊಡುವ ಸರದಿ ನನ್ನದಾಯಿತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಚೆನ್ನಾಗಿ ಬರುತ್ತಿದ್ದುದು ಒಂದೇ, ಕಂಡಕಂಡವರನ್ನು ಅಣಕಿಸುವುದು.

ಪುಸ್ತಕದಲ್ಲಿ ಒಂದು ಸಂಗತಿ ಹಿಡಿಸಿತು. ಬಹಳ ಹಿಂದೆ ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದ ಡೇನರು ಎಂಬ ಜನ ಮೊದಲು ಅಲ್ಲಿಯವರೊಡನೆ ಹೊಡೆದಾಡಿದರು, ಆಮೇಲೆ ಅಲ್ಲೇ ಮನೆ ಮಾಡಿದರು. ನೆರೆಯವರಿಗೆ ತಿಳಿಯಲೆಂದು ಅವರೂ ಅಲ್ಲಿಯವರೂ ಪದಗಳ ಕೊನೆಯ ಪ್ರತ್ಯಯದ ಬಾಲ ಕತ್ತರಿಸಿಕೊಂಡು ಮಾತಾಡಿದರಂತೆ. ಹಾಗೆ ಸವೆದು ಸವೆದೇ ಇಂಗ್ಲಿಷ್ ಹಗುರಾಯಿತಂತೆ.

ಇದು ಚಿನ್ನದ ಗಣಿ ಕೆಲಸಗಾರರ ಮನೆಸಾಲಾದ ನಮ್ಮ ಉರಿಗಾಂ ಲೈನಿನ ನಲ್ಲಿಕಟ್ಟೆಯ ಕಥೆಯೇ ಅನ್ನಿಸಿತು. ಅಮ್ಮನದು ಬೂದಿಕೋಟೆ ಕಡೆಯ ಕನ್ನಡ, ಪಕ್ಕದ ಮನೆ ಆಂಟಿಯದು ತಮಿಳು; ಇಬ್ಬರೂ ಪದ ಮುರಿದುಕೊಂಡು ಕನ್ನಡದಲ್ಲೇ ಮಾತಾಡುತ್ತಿದ್ದರು. ಸೆಮಿನಾರಿನಲ್ಲಿ ಇಬ್ಬರನ್ನೂ ಅಣಕು ಮಾಡಿ ತೋರಿಸಿದೆ. ಚಪ್ಪಾಳೆ ಬಿದ್ದಿತು. ತರಗತಿಯಲ್ಲಿದ್ದ ನಮ್ಮ ಲೈನಿನ ಹುಡುಗಿಯೊಬ್ಬಳು ಅದನ್ನು ಸಂಜೆಗೇ ಆಂಟಿಗೆ ಮುಟ್ಟಿಸಿದಳು.

ನೀರು ಬಂದಾಗ ಮೊದಲು ಹೋದವರು ಪಕ್ಕದ ಮನೆಯ ಬಿಂದಿಗೆಯನ್ನೂ ತುಂಬಿಸಿಡುವುದು ನಮ್ಮಲ್ಲಿ ರೂಢಿ. ಮರುದಿನ ಆಂಟಿ ತಮ್ಮದಷ್ಟೇ ತುಂಬಿಸಿಕೊಂಡು ಹೋದರು.

ಅಮ್ಮ ಖಾಲಿ ಬಿಂದಿಗೆ ನೋಡಿ, ನಡೆದದ್ದನ್ನು ನನ್ನಿಂದ ಹೇಳಿಸಿದಳು. “ನಾನು ಮದ್ವೆಯಾಗಿ ಬಂದಾಗಿಂದ ಅವ್ಳೇ ನಂಗೆ ಅಕ್ಕ, ತಂಗಿ ಎಲ್ಲ ಕಣ್ಲಾ. ಓಗು, ಸರಿ ಮಾಡ್ಕೊಂಡು ಬಾ.”

ಆಂಟಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು.

“ತಪ್ಪಾಯ್ತು ಆಂಟಿ.”

“ನನ್ ಕನ್ನಡ ಅಷ್ಟು ಕಾಮಿಡಿಯಾ ಕಣ್ಣಾ?”

“ಪಾಠಕ್ಕೆ ಬೇಕಿತ್ತು,” ಎಂದೆ. ಅವರು ತಲೆ ಎತ್ತಲಿಲ್ಲ. “ಸ್ವಲ್ಪ ನಗ್ಸೋಕೂ ಮಾಡ್ದೆ,” ಎಂದು ಒಪ್ಪಿಕೊಂಡೆ.

“ಹಂಗೆ ನಿಜ ಹೇಳು.”

ಡೇನರ ಕಥೆ ಹೇಳಿದೆ. ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು.

“ಜಗಳದಲ್ಲಿ ಯಾರ್ಪಾ ಗೆದ್ದಿದ್ದು?”

“ಒಂದ್ಸಲ ಇವ್ರು, ಒಂದ್ಸಲ ಅವ್ರು. ಕೊನೆಗೆ ಇಬ್ರ ಮಾತೂ ಬೆರ್ತೋಯ್ತು.”

“ಸರಿ, ನನ್ನ ಮಾಡು.”

ಮಾಡಿದೆ. ಅವರು ನಗಲಿಲ್ಲ. “ನಾನು ಇಷ್ಟು ಕೂಗಲ್ಲ. ಇಷ್ಟು ಕೂಗೋದು ನಿಮ್ಮಮ್ಮ. ಅವ್ಳನ್ನ ಮಾಡು.”

ಅಮ್ಮನನ್ನು ಮಾಡಿದೆ. ಆಂಟಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿ ಕರೆದರು. “ಅಕ್ಕಾ, ಇಲ್ಲಿ ಬಾ. ನಿನ್ ಮಗ ನಿನ್ ಮಾನ ತೆಗೀತಾ ಇದ್ದಾನೆ.”

ಅಮ್ಮ ಬಂದು ಅವರ ಪಕ್ಕದಲ್ಲೇ ಕುಳಿತು ಮೊರಕ್ಕೆ ಕೈಹಾಕಿದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಸೇರಿ, ಕಾಲೇಜಿನಲ್ಲಿ ನಾನು ಇಂಗ್ಲಿಷ್ ಮಾತಾಡುವುದನ್ನು ಮಾಡತೊಡಗಿದರು. ಒಂದಿಷ್ಟೂ ನನ್ನ ಹಾಗಿರಲಿಲ್ಲ. ತಿದ್ದುವ ಧೈರ್ಯ ಮಾಡದೆ ನಾನೂ ಅಕ್ಕಿ ಆರಿಸಲು ಕುಳಿತೆ.