ನಾನು ತೆಗೆದ ಎರಡು ಬೂಚುಗಳು

ಮೇ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳೂವರೆ. ರಾಯಚೂರಿನ ಗಂಜ್ ಹತ್ತಿರ ಕಾರಿನ ಎ.ಸಿ. ದುರಸ್ತಿ ಮಾಡುವ ಒಂದು ಅಂಗಡಿ. ಹಾಜರಿದ್ದವರು ಇಬ್ಬರು: ಅಂಗಡಿಯ ಉಸ್ತಾದರು ಮತ್ತು ನಾನು. ಮೂವತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು ನಾನು. ದಿನ, ಗಂಟೆ, ಹಾಜರಿದ್ದವರು, ಇಷ್ಟನ್ನು ಮೊದಲು ಬರೆಯದಿದ್ದರೆ ಮುಂದೆ ಬರೆಯಲು ನನ್ನ ಕೈ ಓಡುವುದಿಲ್ಲ.

ನಮ್ಮ ಯಜಮಾನರು ನಾಲ್ಕು ವರ್ಷದ ಹಿಂದೆ ಮೆಟ್ಟಿಲಿನಿಂದ ಬಿದ್ದು ಕತ್ತಿನ ಮೂಳೆ ಮುರಿದುಕೊಂಡರು. ಅಂದಿನಿಂದ ಕೈಕಾಲು ಸ್ವಾಧೀನದಲ್ಲಿಲ್ಲ, ಎದೆಯ ಕೆಳಗೆ ಅವರ ಮೈ ಬೆವರುವುದೂ ಇಲ್ಲ. ಬೆವರದ ಮೈಗೆ ಬಿಸಿಲು ಸೇರಿದರೆ ಅದು ಹೊರಗೆ ಹೋಗುವ ದಾರಿ ಇಲ್ಲ. ಅರ್ಧ ಗಂಟೆಯಲ್ಲಿ ಜ್ವರ ಏರುತ್ತದೆ. ಬೇಸಿಗೆಯಲ್ಲಿ ಅವರು ತಂಪು ಕೋಣೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಬಂದರೆ ಅದು ನಮ್ಮ ಕಾರಿನಲ್ಲಿ ಮಾತ್ರ. ಅದರ ಮುಂದಿನ ಸೀಟನ್ನು ಅವರ ಕತ್ತು ನಿಲ್ಲುವಂತೆ ಮಾರ್ಪಡಿಸಿದ್ದೇವೆ. ಬೇರೆ ಗಾಡಿ ನಡೆಯುವುದಿಲ್ಲ.

ಆ ಕಾರಿನ ಎ.ಸಿ. ಶನಿವಾರ ಕೆಟ್ಟಿತು. ಭಾನುವಾರ ಸಂಜೆ ದೇವದುರ್ಗ ರಸ್ತೆಯ ಹಳ್ಳಿ ಮಸರಕಲ್‌ನಿಂದ ಫೋನ್ ಬಂತು. ಯಜಮಾನರನ್ನು ಸಾಕಿ ಬೆಳೆಸಿದ ಅವರ ಅಕ್ಕ ಎರಡು ದಿನದಿಂದ ಏನೂ ಮುಟ್ಟಿಲ್ಲ, ನೀರನ್ನೂ ಒಲ್ಲೆ ಎನ್ನುತ್ತಾರೆ, ತಮ್ಮನನ್ನು ಕರೆಯುತ್ತಿದ್ದಾರೆ ಎಂದು ಅಕ್ಕನ ಮಗ ಹೇಳಿದ. ಅಕ್ಕನಿಗೆ ಸೊಂಟ ಮುರಿದಿದೆ, ಈ ಕಡೆ ಬರಲಾರರು. ತಮ್ಮ ಆಸ್ಪತ್ರೆಗೆ ಬಿಟ್ಟು ಬೇರೆಲ್ಲೂ ಹೋದವರಲ್ಲ. ನಾಲ್ಕು ವರ್ಷ ಇಬ್ಬರೂ ಫೋನಿನಲ್ಲಿ ಮಾತ್ರ ಇದ್ದರು. ಸೋಮವಾರ ಸಂಜೆಯೊಳಗೆ ಕಾರು ಸಿದ್ಧವಾಗಬೇಕಿತ್ತು.

ಹೊಸ ಕಂಪ್ರೆಸರ್ ಹೈದರಾಬಾದಿನಿಂದ ಬೆಳಗಿನ ಬಸ್ಸಿಗೆ ಬಂದಿತ್ತು. ಉಸ್ತಾದರು ಬೆಲ್ಟ್ ಸಡಿಲಿಸಿ ಹಳೆಯದನ್ನು ಕೆಳಗಿಳಿಸಿದರು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡ ಲೋಹದ ಗಡ್ಡೆ. ಅದನ್ನು ಬಗ್ಗಿಸಿ ಒಳಗಿನ ಎಣ್ಣೆಯನ್ನು ಗಾಜಿನ ಅಳತೆ ಪಾತ್ರೆಗೆ ಬಸಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಹಳೆಯದರಲ್ಲಿ ಎಷ್ಟು ಇತ್ತೋ ಹೊಸದರಲ್ಲೂ ಅಷ್ಟೇ ಇರಬೇಕಂತೆ. ರಕ್ತದ ಲೆಕ್ಕ ಇಡುವ ಡಾಕ್ಟರುಗಳನ್ನು ಕಂಡವಳು ನಾನು. ಇಷ್ಟು ನಿಧಾನವಾಗಿ ಅಳೆದವರನ್ನು ಕಂಡಿದ್ದು ಕಡಿಮೆ.

ಪೈಪುಗಳನ್ನು ತೊಳೆಯಲು ಗಾಳಿ ಸಿಲಿಂಡರ್ ತರುತ್ತೇನೆಂದು ಅವರು ಹೊರಗೆ ಹೋದರು. ಬೆಂಚಿನ ಮೇಲೆ ಹೊಸ ಸಾಮಾನಿನ ಡಬ್ಬಿಗಳಿದ್ದವು. ನನ್ನ ಕೈ ಸುಮ್ಮನಿರಲಿಲ್ಲ. ಚೀಲದಿಂದ ಒಗೆದ ಬಟ್ಟೆ ತೆಗೆದು ಹಾಸಿದೆ. ಡಬ್ಬಿ ಬಿಚ್ಚಿ, ರಬ್ಬರ್ ಬಳೆಗಳು, ಬೋಲ್ಟುಗಳು, ಡ್ರೈಯರ್ ಎಂಬ ಸಣ್ಣ ಬಾಟಲಿ, ಎಲ್ಲವನ್ನೂ ಬೇಕಾಗುವ ಕ್ರಮದಲ್ಲಿ ಜೋಡಿಸಿದೆ. ಡ್ರೈಯರಿನ ಎರಡೂ ಬಾಯಿಗೆ ಪ್ಲಾಸ್ಟಿಕ್ ಬೂಚು ಇತ್ತು. ಅವನ್ನೂ ತೆಗೆದು, ಬಾಯಿ ಒರೆಸಿ ಇಟ್ಟೆ.

ಉಸ್ತಾದರು ಬಂದು ಬೆಂಚು ನೋಡಿ ನಿಂತುಬಿಟ್ಟರು.

“ಸಿಸ್ಟರ್, ಇದರ ಬೂಚು ಎಲ್ಲಿ ಹೋದ್ವು?”

“ತೆಗೆದಿಟ್ಟೀನಿ. ನಿಮಗ ಒಂದು ಕೆಲಸ ಕಮ್ಮಿ ಆಗಲಿ ಅಂತ.”

“ಎಷ್ಟೊತ್ತಾತು?”

“ನೀವು ಹೋದ ಕೂಡ್ಲೆ.”

ಅವರು ಸ್ಟೂಲಿನ ಮೇಲೆ ಕೂತರು. “ಇದು ನೀರು ಕುಡಿಯೋ ಬಾಟ್ಲಿ ಅದ್ರೀ. ಪೈಪಿನ್ಯಾಗ ಉಳಿದ ಪಸೆ ಎಲ್ಲಾ ಎಳಕೊಳ್ಳೂದು ಇದರ ಕೆಲಸ. ಅರ್ಧ ತಾಸು ಬಾಯಿ ತಕ್ಕೊಂಡು ಕೂತದ. ಇಲ್ಲೇ ಹೊಟ್ಟಿ ತುಂಬಿಸ್ಕೊಂಡದ.”

ನಾನು ಎರಡೂ ಬೂಚುಗಳನ್ನು ಎತ್ತಿ ಅವರ ಮುಂದೆ ಹಿಡಿದೆ.

“ದವಾಖಾನ್ಯಾಗ ಹಿಂಗ ಮೊದ್ಲೇ ಬಿಚ್ಚಿಡ್ತೀರೇನು?” ಎಂದರು.

“ಬಿಚ್ಚಿಡ್ತೀವಿ. ಡಾಕ್ಟರು ಕೈ ಚಾಚಿದ್ರ ಸಾಮಾನು ಕೈಯಾಗ ಇರಬೇಕು.”

“ಇಲ್ಲಿ ಡಾಕ್ಟರು ಕೈ ಚಾಚೂದಿಲ್ಲ, ತಾನೇ ಎದ್ದು ಹುಡುಕ್ಯಾಡ್ತಾನ. ನಮ್ಮದು ಬಡ ದವಾಖಾನಿ.”

“ಇದನ್ನೇ ಹಾಕಿದ್ರ ಏನಾಗ್ತದ?”

“ತಂಪು ಬರ್ತದ. ಮಸರಕಲ್ ಮುಟ್ಟಿದ್ರೂ ಮುಟ್ಟಬಹುದು. ನಡು ಹಾದ್ಯಾಗ ಪಸೆ ಹೆಪ್ಪುಗಟ್ಟಿ ಸಣ್ಣ ತೂತಿನ್ಯಾಗ ಕೂತ್ರ ಬಂದ್. ಹೇಳ್ರಿ, ಹಾಕ್ಲೇನು?”

ಬೇಡ ಎಂದೆ. ನಡುದಾರಿಯಲ್ಲಿ, ಬಿಸಿಲಲ್ಲಿ, ಆ ಸೀಟಿನಲ್ಲಿ ಯಜಮಾನರನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಅಂಥ ಡ್ರೈಯರ್ ರಾಯಚೂರಿನಲ್ಲಿ ಅಂದು ಇರಲಿಲ್ಲ. ಮೊದಲು ಇವರ ಹತ್ತಿರ ಕೆಲಸ ಕಲಿತವರೊಬ್ಬರು ಈಗ ಮಾನ್ವಿಯಲ್ಲಿ ಅಂಗಡಿ ಇಟ್ಟಿದ್ದಾರೆ. ಅವರ ಬಳಿ ಒಂದಿತ್ತು. ಹನ್ನೊಂದರ ಬಸ್ಸಿಗೆ ಹಾಕಿಸಿದರು. ತಪ್ಪು ನನ್ನದು, ನಾನೇ ತರುತ್ತೇನೆಂದು ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಕಂಡಕ್ಟರ್ ಡಬ್ಬಿ ಕೊಡುತ್ತಾ ನಕ್ಕರು.

“ಏನದ ಯವ್ವಾ ಇದರಾಗ? ನಾಕೂ ಕಡೆ ಬರದಾರ, ಯಾರೂ ಬಿಚ್ಚಬಾರದು ಅಂತ. ಮಾನ್ವಿಯಿಂದ ಇದನ್ನ ನೋಡ್ಕೋತನೇ ಬಂದೀನಿ.”

“ಅದು ನನಗ ಬರದದ್ದು, ನಿಮಗಲ್ಲ” ಎಂದು ತೆಗೆದುಕೊಂಡೆ.

ಎರಡು ಗಂಟೆಗೆ ಹೊಸ ಕಂಪ್ರೆಸರ್ ಜಾಗಕ್ಕೆ ಕೂತಿತು. ಡ್ರೈಯರನ್ನು ಎಲ್ಲಕ್ಕಿಂತ ಕೊನೆಗೆ, ಬೂಚು ತೆಗೆದ ಉಸಿರಿನಲ್ಲೇ ಉಸ್ತಾದರು ಸೇರಿಸಿ ಬಿಗಿದರು. ಇನ್ನು ಗ್ಯಾಸ್ ತುಂಬುತ್ತಾರೆ ಎಂದುಕೊಂಡೆ. ಅವರು ಒಂದು ಪಂಪನ್ನು ಪೈಪಿಗೆ ಜೋಡಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಗೆಳೆಯಲು ಬಿಟ್ಟರು.

“ಮುಕ್ಕಾಲು ತಾಸು ಓಡಬೇಕು. ಒಳಗ ಪಸೆ ಏನರ ಉಳಿದಿದ್ರ ಕುದ್ದು ಆವಿ ಆಗಿ ಬರ್ತದ.”

“ಒಲಿ ಎಲ್ಲದ ಕುದಿಯಾಕ?”

“ಒಲಿ ಬೇಕಾಗಿಲ್ರೀ. ಗಾಳಿ ತಗದ್ರ ನೀರು ತಾನೇ ಕುದೀತದ.”

ನಾನು ಆ ಪೈಪಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು, ಅಷ್ಟೇ. ಮೂವತ್ತೆರಡು ವರ್ಷ ಒತ್ತಡ ಏರಿಸಿ, ನೀರನ್ನು ನೂರು ಡಿಗ್ರಿ ದಾಟಿಸಿ, ಆ ಹಬೆಯಲ್ಲಿ ಕತ್ತರಿ ಚಾಕುಗಳನ್ನು ಶುದ್ಧ ಮಾಡಿದವಳು ನಾನು. ಒತ್ತಡ ಇಳಿಸಿದರೆ ಅದೇ ನೀರು ಅಂಗೈ ಬಿಸಿಯಲ್ಲಿ ಕುದಿಯುತ್ತದೆ ಎಂಬುದು ಆ ಪುಸ್ತಕದ ಇನ್ನೊಂದು ಪುಟ. ಅದನ್ನು ನಾನು ತಿರುವಿಯೇ ಇರಲಿಲ್ಲ. ನನ್ನ ಬೆರಳ ಕೆಳಗೆ, ಕಾಣದೆ, ಸದ್ದಿಲ್ಲದೆ ನೀರು ಕುದಿಯುತ್ತಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ.

ಪಂಪ್ ನಿಲ್ಲಿಸಿದ ಮೇಲೂ ಅವರು ಗ್ಯಾಸಿನ ಕಡೆ ಹೋಗಲಿಲ್ಲ. ಗೇಜಿನ ಮುಳ್ಳು ಸೊನ್ನೆಯ ಕೆಳಗೆ ನಿಂತಿತ್ತು. ಅರ್ಧ ಗಂಟೆ ಅದು ಅಲುಗದೆ ನಿಲ್ಲಬೇಕು, ಅಲುಗಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಅಷ್ಟರಲ್ಲಿ ಮಸರಕಲ್‌ನಿಂದ ಮತ್ತೆ ಫೋನ್.

“ಅತ್ತಿ, ಹೊಂಟೀರೇನು? ಅವ್ವ ಕಣ್ಣು ತೆರೀವಲ್ಲಳು.”

“ಬರಾಕತ್ತೀವಿ” ಎಂದು ಸುಳ್ಳು ಹೇಳಿ ಉಸ್ತಾದರ ಮುಖ ನೋಡಿದೆ. “ಹದಿನೈದು ನಿಮಿಷಕ್ಕ ಬಿಡಾಕ ಬರೂದಿಲ್ಲೇನು?”

“ಸಿಸ್ಟರ್, ಹೊಲಿಗಿ ಹಾಕೂಮುಂದ ಒಳಗ ಉಳೀಬಾರದಂತ ಹತ್ತಿ ಬಟ್ಟಿ ಎಣಸ್ತೀರಲ್ಲ. ಗಡಿಬಿಡಿ ಅದ ಅಂತ ಅರ್ಧ ಎಣಸ್ತೀರೇನು?”

ನಾನು ಎದುರಿಗೆ ಹೋಗಿ ಕೂತೆ. ಅವರು ಮುಳ್ಳನ್ನು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಅರ್ಧ ಗಂಟೆ ಅವರ ಕಣ್ಣೂ ಅಲುಗಲಿಲ್ಲ, ಮುಳ್ಳೂ ಅಲುಗಲಿಲ್ಲ. ಎಷ್ಟೋ ಹೆಸರಾಂತ ಕೈಗಳ ಪಕ್ಕದಲ್ಲಿ ನಿಂತಿದ್ದೇನೆ; ಅಂಥ ನಿಲುವಿನ ಎದುರು ಕೂತದ್ದು ಅದೊಂದು ಸಲ.

ಗ್ಯಾಸನ್ನು ತೂಕ ಮಾಡಿ ಬಿಟ್ಟರು. ಎಂಜಿನ್ ಚಾಲು ಮಾಡಿದೆ. ಟಕ್ ಎಂದು ಕಂಪ್ರೆಸರ್ ಹಿಡಿದುಕೊಂಡಿತು. ಕೆಲವು ನಿಮಿಷದಲ್ಲಿ ದಪ್ಪ ಪೈಪಿನ ಮೇಲೆ ಹನಿಗಳು ಮೂಡಿ, ಒಂದಕ್ಕೊಂದು ಕೂಡಿ, ಕೆಳಗಿಳಿದವು.

“ಬೆವತತು ನೋಡ್ರಿ” ಎಂದರು ಉಸ್ತಾದರು. “ಬೆವತ್ರ ಆತು. ಹೋಗ್ರಿನ್ನ.”

ಮನೆಗೆ ಬಂದು, ಐದೂಕಾಲಿಗೆ ಯಜಮಾನರನ್ನು ಗಾಲಿಕುರ್ಚಿಯಿಂದ ಹಲಗೆಯ ಮೇಲೆ ಜಾರಿಸಿ ಸೀಟಿಗೆ ಕೂರಿಸಿದೆ. ದೇವದುರ್ಗದ ರಸ್ತೆ ಹಿಡಿದೆ. ಪ್ರತಿ ಹದಿನೈದು ನಿಮಿಷಕ್ಕೆ ಅವರ ಹಣೆ ಮುಟ್ಟಿ ನೋಡಿದೆ. ತಂಪಾಗಿತ್ತು.

ಅಕ್ಕ ಮಲಗಿದ್ದ ಕೋಣೆಯ ಗೋಡೆ ಆ ಹೊತ್ತಿಗೂ ಕಾದಿತ್ತು. ಯಜಮಾನರನ್ನು ಒಳಗೆ ಒಯ್ಯುವಂತಿರಲಿಲ್ಲ. ಅಕ್ಕನನ್ನೇ ಹೊರಗೆ ತರಲು ಹೇಳಿದೆ. ಮಗ ಮತ್ತು ಸೊಸೆ ಕೌದಿಯ ಸಮೇತ ಎತ್ತಿ ತಂದು ಡ್ರೈವರ್ ಸೀಟಿನಲ್ಲಿ, ತಮ್ಮನ ಪಕ್ಕ ಒರಗಿಸಿದರು. ನಾನು ಬಾಗಿಲು ಹಾಕಿ, ಗಾಜನ್ನು ಎರಡು ಬೆರಳಷ್ಟು ಇಳಿಸಿ ಹೊರಗೆ ನಿಂತೆ. ತಂಪು ಮುಖಕ್ಕೆ ಬಡಿದು ಅಕ್ಕ ಕಣ್ಣು ತೆರೆದರು. ಬಹಳ ಹೊತ್ತು ನೋಡಿದರು.

“ಯಾರು, ತಮ್ಮಾ? ಎಷ್ಟು ಸೊರಗೀದ್ಯೋ. ಆಕಿ ಊಟಕ್ಕ ಹಾಕೂದಿಲ್ಲೇನು?”

“ಹಾಕ್ತಾಳಕ್ಕ. ಗಡಿಯಾರ ನೋಡಿ ಹಾಕ್ತಾಳ.”

“ಮತ್ತ ಇಷ್ಟು ಥಂಡ್ಯಾಗ ಯಾಕ ಕುಂತೀ? ನೆಗಡಿ ಆಗ್ತದ.”

ಯಜಮಾನರ ಬಲಗೈಯ ಮಣಿಕಟ್ಟು ಮಾತ್ರ ಸ್ವಲ್ಪ ಏಳುತ್ತದೆ. ಬಾಗಿಲು ತೆರೆದು ಅವರ ಬೆರಳಿಗೆ ಚಮಚ ಕಟ್ಟಿ, ಸೊಸೆ ತಂದ ಗಂಜಿಯ ಬಟ್ಟಲನ್ನು ಇಬ್ಬರ ನಡುವೆ ಹಿಡಿದು ಬಗ್ಗಿದೆ. ಮೊದಲ ಚಮಚ ಅರ್ಧ ಚೆಲ್ಲಿತು. ಎರಡನೆಯದನ್ನು ಅಕ್ಕ ಬಾಯೊಡ್ಡಿ ತೆಗೆದುಕೊಂಡರು. ಬಟ್ಟಲು ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಏಳು ಗಂಟೆ ಹತ್ತು ನಿಮಿಷಕ್ಕೆ ಅಕ್ಕನ ಬಾಯಿ ಒರೆಸಿ, ಬಟ್ಟಲನ್ನು ತೊಳೆದು ಸೊಸೆಯ ಕೈಗೆ ಕೊಟ್ಟೆ.